ದೊಡ್ಡಪ್ಪನ ಬಿಳಿ ಪಂಚೆ

ಕೆಜಿಎಫ್‌ನಲ್ಲಿ ದೊಡ್ಡಮ್ಮನ ಮನೆಗೆ ಬಂದಿದ್ದೇನೆ. ಸಂಜೆ ತಂತಿ ಮೇಲಿನ ಬಟ್ಟೆ ತೆಗೆಯಲು ಹೋದೆ. ದೊಡ್ಡಪ್ಪನ ಬಿಳಿ ಪಂಚೆ ಕೊಡವಿದರೆ ಬೂದು ಬಣ್ಣದ ಪುಡಿ. ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನಯ. ಬೆರಳಲ್ಲಿ ಉಜ್ಜಿದೆ, ಕೈಗೆರೆಗಳೊಳಗೆ ಇಳಿದು ಕೂತುಬಿಟ್ಟಿತು.

"ಗಾಳಿ ಎದ್ದಿತ್ತಲ್ಲ, ಇನ್ನೊಂದು ಸಲ ಜಾಡಿಸಮ್ಮ" ಅಂದರು ದೊಡ್ಡಮ್ಮ. ಅಷ್ಟೇ. ಸೈನೈಡ್ ದಿಬ್ಬದ, ಅಂದರೆ ಗಣಿಯ ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಗುಡ್ಡದ, ಧೂಳು ಅವರಿಗೆ ಮಳೆ ಬಿಸಿಲಿನ ಹಾಗೆ.

ಲಂಡನ್ನಿನ ಕಂಪನಿ ಇಲ್ಲಿಗೆ ಬಂದಿದ್ದು 1880ರಲ್ಲಿ. ಗಣಿಗೋಸ್ಕರ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. (ನಮ್ಮಜ್ಜಿಯ ಊರಿಗೆ ಕರೆಂಟ್ ಬಂದಿದ್ದು ಅದೆಷ್ಟು ವರ್ಷ ಆದಮೇಲೋ, ಬಿಡಿ.) 1956ರಲ್ಲಿ ಗಣಿ ಸರ್ಕಾರದ ಕೈಗೆ ಹೋಯಿತು, 2001ರಲ್ಲಿ ಬೀಗ ಬಿತ್ತು. ಚಿನ್ನ ಯಾರದ್ದು ಅಂತ ಆಗ ಎಲ್ಲರಿಗೂ ಗೊತ್ತಿತ್ತು. ಈಗ ದಿಬ್ಬ ಯಾರದ್ದು?

ಭೋಪಾಲದ್ದೂ ಇದೇ ಕಥೆ ಅಲ್ವಾ. ಅನಿಲ ಸೋರಿದ್ದು 1984ರಲ್ಲಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷದ ಕಸ ಊರು ದಾಟಿದ್ದು 2025ರ ಜನವರಿಯಲ್ಲಿ. ಅದೂ ಹೈಕೋರ್ಟ್ ಗದರಿದ ಮೇಲೆ. ಕಂಪನಿ ಸುಮ್ನೆ ಕೈ ಬದಲಾಯಿಸಿಕೊಂಡು ಹೋಗುತ್ತೆ, ಕಸ ಹೋಗಲ್ಲ.

ಪಂಚೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದೆ. ದೊಡ್ಡಮ್ಮ ಬೈದರು. ನಲ್ಲಿ ನೀರು ಬರುವುದು ನಾಳಿದ್ದಂತೆ.