ಹೈಸ್ಕೂಲು ಮಕ್ಕಳ ಹಣಕಾಸು ತಿಳಿವಳಿಕೆ: ಪ್ರಶ್ನೆಪತ್ರಿಕೆ ಹೇಗಿರಬೇಕು?

"ಊರಲ್ಲಿ ಒಂದೂವರೆ ರೂಪಾಯಿ ಬಡ್ಡಿಗೆ ಸಾಲ ಸಿಗುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 12. ಹತ್ತು ಸಾವಿರ ರೂಪಾಯಿ ಒಂದು ವರ್ಷದ ಮಟ್ಟಿಗೆ ಬೇಕು. ಎಲ್ಲಿ ತಗೊಂಡರೆ ಬಡ್ಡಿ ಕಡಿಮೆ?"

ಒಂಬತ್ತನೇ ತರಗತಿಯ ಪರೀಕ್ಷೆಯನ್ನು ಇಂಥ ಪ್ರಶ್ನೆಯಿಂದಲೇ ಶುರು ಮಾಡಿ. ಊರಿನ ಲೆಕ್ಕದಲ್ಲಿ ಒಂದೂವರೆ ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಒಂದೂವರೆ, ವರ್ಷಕ್ಕೆ 18. ಅಲ್ಲಿ ಬಡ್ಡಿ 1,800 ರೂಪಾಯಿ, ಬ್ಯಾಂಕಿನಲ್ಲಿ 1,200. ಸರಳ ಬಡ್ಡಿಯ ಸೂತ್ರ ಬಾಯಿಪಾಠವಿರುವ ಹುಡುಗಿಯೂ 12ಕ್ಕಿಂತ 1.5 ಚಿಕ್ಕದಲ್ಲವೇ ಎಂದು ಊರಿನ ಸಾಲವನ್ನೇ ಆರಿಸಬಹುದು. ಸೂತ್ರವನ್ನಷ್ಟೇ ಕೇಳುವ ಪತ್ರಿಕೆಯಲ್ಲಿ ಈ ತಪ್ಪು ಹೊರಬೀಳುವುದೇ ಇಲ್ಲ.

‘ಉಳಿತಾಯ ಎಂದರೇನು?’, ‘ಎಟಿಎಂ ವಿಸ್ತರಿಸಿ’ ಎಂಬಂಥವು ನೆನಪನ್ನು ಅಳೆಯುತ್ತವೆ, ತಿಳಿವಳಿಕೆಯನ್ನಲ್ಲ. 2012ರಲ್ಲಿ ಹಲವು ದೇಶಗಳ ಮಕ್ಕಳಿಗೆ ನಡೆಯುವ ಅಂತರರಾಷ್ಟ್ರೀಯ ಪರೀಕ್ಷೆ ಪೀಸಾ ಮೊದಲ ಸಲ 15 ವರ್ಷದವರ ಹಣಕಾಸು ಸಾಕ್ಷರತೆ ಅಳೆದಾಗ ಅಂಗಡಿಯ ಬಿಲ್ಲು, ಸಂಬಳದ ಚೀಟಿಗಳನ್ನು ಮುಂದಿಟ್ಟು ಪ್ರಶ್ನೆ ಕೇಳಿತ್ತು. ನಮ್ಮ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ (ಎನ್‌ಸಿಎಫ್‌ಇ) ಶಾಲಾ ಮಕ್ಕಳಿಗಾಗಿ ನಡೆಸಿರುವ ಹಣಕಾಸು ಸಾಕ್ಷರತೆಯ ರಾಷ್ಟ್ರೀಯ ಪರೀಕ್ಷೆ ಎನ್‌ಎಫ್‌ಎಲ್‌ಎಟಿ ಒಳ್ಳೆಯದೇ, ಆದರೆ ಅದು ಸ್ಪರ್ಧೆ. ಯಾರಿಗೆ ಏನು ಅರ್ಥವಾಗಿಲ್ಲ ಎಂದು ತಿಳಿಯಲು ಶಾಲೆ ತನ್ನದೇ ಪತ್ರಿಕೆ ಮಾಡಿಕೊಳ್ಳಬೇಕು.

ನಲವತ್ತು ನಿಮಿಷದ ಒಂದು ಪೀರಿಯಡ್‌ಗೆ 16 ಪ್ರಶ್ನೆ ಸಾಕು. ದಿನದ ವ್ಯವಹಾರ, ಯೋಜನೆ, ಸಾಲ ಮತ್ತು ಅಪಾಯ, ಮೋಸ ಮತ್ತು ಗ್ರಾಹಕನ ಹಕ್ಕು ಇವಕ್ಕೆ ತಲಾ ನಾಲ್ಕು. ಪಾಸ್‌ಬುಕ್ಕಿನ ಒಂದು ಪುಟ, ಕರೆಂಟ್ ಬಿಲ್ಲು, ಕಂತಿನ ಜಾಹೀರಾತು ಇವುಗಳ ನಕಲು ಕೊಡಿ, ಹೆಸರು ಮತ್ತು ಖಾತೆ ಸಂಖ್ಯೆ ಅಳಿಸಿ. ಅಂಕಿಗಳು ಸಲೀಸಾಗಿರಲಿ. 9,737 ರೂಪಾಯಿಗೆ ಶೇ. 11.35 ಎಂದು ಕೊಟ್ಟರೆ ನೀವು ಅಳೆಯುವುದು ಗುಣಾಕಾರವನ್ನು.

ಹೆಚ್ಚು ಎಚ್ಚರ ಬೇಕಾದದ್ದು ಮೋಸದ ಪ್ರಶ್ನೆಗಳಲ್ಲಿ. ‘ಪಿನ್ ಯಾರಿಗೂ ಹೇಳಬಾರದು: ಸರಿಯೋ ತಪ್ಪೋ?’ ಎಂದು ಕೇಳಿದರೆ ಇಡೀ ತರಗತಿ ಸರಿ ಅನ್ನುತ್ತದೆ. ಬದಲಿಗೆ ಹೀಗೆ ಕೇಳಿ: ಹಳೇ ಸೈಕಲ್ಲನ್ನು 3,500 ರೂಪಾಯಿಗೆ ಮಾರಲು ಹೊರಟಿದ್ದೀರಿ. ಕೊಳ್ಳುವವರು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ’ ಅಂತಾರೆ. ಏನು ಮಾಡುತ್ತೀರಿ? ಇಲ್ಲಿ ಮಗು ಪಿನ್ನನ್ನು ಯಾರಿಗೂ ಹೇಳುತ್ತಿಲ್ಲ, ತಾನೇ ಒತ್ತುತ್ತಿದೆ. ಕಲಿತ ನಿಯಮ ಮುರಿದಂತೆಯೇ ಅನಿಸದು. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕೇ ಇಲ್ಲ ಎಂಬುದು ಗೊತ್ತಿದ್ದವರು ಮಾತ್ರ ಪಾರಾಗುತ್ತಾರೆ.

ನಾಲ್ಕು ಆಯ್ಕೆಗಳ ಜೊತೆ ‘ಗೊತ್ತಿಲ್ಲ’ ಎಂಬ ಐದನೆಯದನ್ನೂ ಇಡಿ, ಅದನ್ನು ಆರಿಸಿದರೆ ಬೈಗುಳವಿಲ್ಲ ಎಂದು ಮೊದಲೇ ಹೇಳಿ. ಅದಿಲ್ಲದೆ ಹೋದರೆ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ ಸರಾಸರಿ ನಾಲ್ಕು ಅಂಕ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಗೊತ್ತಿಲ್ಲ ಅನ್ನುವ ಮಗುವಿಗೆ ಕಲಿಸುವುದು ಸುಲಭ. ತಪ್ಪನ್ನೇ ಸರಿಯೆಂದು ನಂಬಿದ ಮಗುವಿನ ಬಳಿ ಮೊದಲು ಆ ನಂಬಿಕೆಯನ್ನು ಬಿಡಿಸಬೇಕು. ಸಾಲದ ಪ್ರಶ್ನೆಗಳಿಗೆ ‘ಯಾಕೆ?’ ಎಂದು ಒಂದು ಸಾಲು ಬರೆಸಿದರೆ ಎಡವಿದ್ದು ಲೆಕ್ಕದಲ್ಲೋ ಅರ್ಥದಲ್ಲೋ ತಿಳಿಯುತ್ತದೆ.

ಮನೆಯ ಸಾಲ, ಅಪ್ಪನ ಆದಾಯ, ಅಡವಿಟ್ಟ ಒಡವೆ ಇವನ್ನು ಖಂಡಿತ ಕೇಳಬೇಡಿ. ಮಕ್ಕಳು ಸುಳ್ಳು ಬರೆಯುತ್ತಾರೆ ಎಂಬುದಿರಲಿ, ಅದು ಅವರಿಗೆ ನೋವು.

ಪತ್ರಿಕೆ ತಿದ್ದಿದ ಮೇಲೆ ಪ್ರಶ್ನೆಗಳನ್ನೂ ತಿದ್ದಬೇಕು. ತರಗತಿಯಲ್ಲಿ 45 ಮಕ್ಕಳಿದ್ದರೆ ಒಟ್ಟು ಅಂಕದಲ್ಲಿ ಮೇಲಿನ 12, ಕೆಳಗಿನ 12 ಉತ್ತರಪತ್ರಿಕೆ ತೆಗೆದಿಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಮಂದಿ ಸರಿಯಿದ್ದರೆ ಅಂತರ 6. 12ರಿಂದ ಭಾಗಿಸಿದರೆ 0.5. ತಿಳಿದವರನ್ನೂ ತಿಳಿಯದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆಯಾದರೆ ಪ್ರಶ್ನೆಯ ಭಾಷೆ ಗೊಂದಲವಾಗಿದೆಯೇ ನೋಡಿ. ಕೆಳಗಿನವರೇ ಹೆಚ್ಚು ಸರಿ ಮಾಡಿದ್ದರೆ ಮೊದಲು ನಿಮ್ಮ ಉತ್ತರಸೂಚಿಯನ್ನೇ ಪರೀಕ್ಷಿಸಿ.

ಪಾಠ ಮಾಡಿದ ಮರುದಿನವೇ ಮತ್ತೆ ಪರೀಕ್ಷೆ ಇಟ್ಟರೆ ಸಿಗುವುದು ನಿನ್ನೆಯ ನೆನಪು. ಎರಡು ಮೂರು ತಿಂಗಳು ಬಿಟ್ಟು, ಅಂಕಿ ಮತ್ತು ಸನ್ನಿವೇಶ ಬದಲಿಸಿ ಇಡಿ. ಫಲಿತಾಂಶವನ್ನು ಪ್ರಶ್ನೆವಾರು ಬರೆದಿಡಿ. 16ಕ್ಕೆ 11 ಎಂಬ ಒಟ್ಟು ಅಂಕದಿಂದ ಮುಂದಿನ ಪಾಠ ಯಾವುದೆಂದು ಗೊತ್ತಾಗದು. ಹಣದುಬ್ಬರದ ಪ್ರಶ್ನೆಯಲ್ಲಿ 45ರಲ್ಲಿ 30 ಮಕ್ಕಳು ಎಡವಿದ್ದಾರೆ ಎಂಬುದರಿಂದ ಗೊತ್ತಾಗುತ್ತದೆ.