ಪಂಕ್ ಡಾಕ್ಯುಮೆಂಟರಿಗೆ ಕನ್ನಡ ಸಬ್‌ಟೈಟಲ್: ಒತ್ತಕ್ಷರದ ಜಗಳ ಮುಗಿಯಿತು

ಕೊನೆಗೂ ಗೆದ್ದೆ. ಬ್ರಿಟನ್ನಿನ ಪಂಕ್ ರಾಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಮೇಲಿನ ‘ದ ಫಿಲ್ತ್ ಆ್ಯಂಡ್ ದ ಫ್ಯೂರಿ’ಯ ಜುಬಿಲಿ ಭಾಗ (1977ರ ರಾಣಿ ಎಲಿಜಬೆತ್ ಆಳ್ವಿಕೆಯ ಬೆಳ್ಳಿಹಬ್ಬ) ನಮ್ಮ ಟಿವಿಯಲ್ಲಿ ಕನ್ನಡ ಸಬ್‌ಟೈಟಲ್ ಸಮೇತ ಓಡಿತು. ಒಂದು ಒತ್ತೂ ಮುರಿಯಲಿಲ್ಲ. ಡಿಸ್ಕಿನಿಂದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿದ್ದು, ಸಾಲುಗಳನ್ನು ಮಾತಿನ ಸಮಯಕ್ಕೆ ಹೊಂದಿಸಿದ್ದು, ಆ ತಲೆನೋವಿನ ಕಥೆ ಬೇಡ, ಬಿಡಿ.

ಡಿಸ್ಕ್ ಬಗ್ಗೆ ಮಾತ್ರ ಒಂದು ಮಾತು. ‘ಹೊಸದರ ಹಾಗಿದೆ’ ಎಂದು ಮಾರಿದವನು ಕಳಿಸಿದ್ದು ಬೆಕ್ಕು ಪರಚಿದಂಥ ಡಿಸ್ಕ್. ಕೇಳಿದರೆ ‘ಪಂಕ್ ಅಲ್ವಾ ಸಾರ್, ಹಾಗೇ ಇರಬೇಕು’ ಎಂದ. ಉತ್ತರ ಚೆನ್ನಾಗಿತ್ತು. ದುಡ್ಡು ವಾಪಸ್ ಬರಲಿಲ್ಲ.

ತಲೆ ತಿಂದದ್ದು ಬೇರೆ. 2000ದಲ್ಲಿ ಈ ಚಿತ್ರ ಮಾಡಿದ ಜೂಲಿಯನ್ ಟೆಂಪಲ್, ಸಂದರ್ಶನಗಳಲ್ಲಿ ಬ್ಯಾಂಡಿನವರ ಮುಖವನ್ನೇ ತೋರಿಸುವುದಿಲ್ಲ. ಹಿಂದಿನಿಂದ ಬೆಳಕು, ಮುಂದೆ ಬರೀ ಕಪ್ಪು ಆಕಾರ. ವಯಸ್ಸಾದ ಮುಖ ಕಾಣದ ಕಾರಣ ನೋಡುವವರು 1977ರಲ್ಲೇ ಉಳಿಯುತ್ತಾರೆ. ಒಳ್ಳೆ ಉಪಾಯವೇ. ಆದರೆ ಈಗ ಮಾತಾಡಿದ್ದು ಹಾಡುಗಾರ ಜಾನಿ ರಾಟನ್ನಾ, ಗಿಟಾರಿನ ಸ್ಟೀವ್ ಜೋನ್ಸಾ, ಡ್ರಮ್ಮಿನ ಪಾಲ್ ಕುಕ್ಕಾ? ನಮ್ಮಮ್ಮನಿಗೆ ದನಿ ಕೇಳಿ ಗೊತ್ತಾಗುವುದಿಲ್ಲ. ಪ್ರತಿ ಸಲ ಹೆಸರು ಹಾಕಲು ಜಾಗ ಇಲ್ಲ. ಅದಕ್ಕೆ ಬ್ರಿಟಿಷ್ ಟಿವಿಯ ಹಳೆಯ ಅಕ್ಷರಸೇವೆ ಟೆಲಿಟೆಕ್ಸ್ಟ್‌ನ ಸಬ್‌ಟೈಟಲ್ ಪದ್ಧತಿ ಹಿಡಿದೆ: ಬಿಳಿ, ಹಳದಿ, ತಿಳಿನೀಲಿ, ಹಸಿರು, ಒಬ್ಬೊಬ್ಬರಿಗೆ ಒಂದು ಬಣ್ಣ. ಹಳದಿ ರಾಟನ್‌ಗೆ, ಬ್ಯಾಂಡಿನ ಆಲ್ಬಮ್ ಕವರಿನ ಬಣ್ಣ ಅದು.

ಬಣ್ಣ ಬೇಕೆಂದರೆ ಎಸ್‌ಆರ್‌ಟಿ ಎಂಬ ಸರಳ ಸಬ್‌ಟೈಟಲ್ ಫೈಲು ಸಾಲದು. ಟಿವಿಗೆ ಕನ್ನಡವೂ ಬರುವುದಿಲ್ಲ. ಒತ್ತನ್ನು ಬಿಡಿಸಿ ಪಕ್ಕಕ್ಕಿಡುತ್ತದೆ, ಗುಣಿತವನ್ನು ಚುಕ್ಕಿ ವೃತ್ತಕ್ಕೆ ಅಂಟಿಸುತ್ತದೆ. ಹಾಗಾಗಿ ಬಣ್ಣ, ಜಾಗ ಎರಡನ್ನೂ ಹೇಳಬಲ್ಲ ಎಎಸ್‌ಎಸ್ ಫೈಲು ಮಾಡಿ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಚಿತ್ರದ ಮೇಲೇ ಅಚ್ಚೊತ್ತಿದೆ (ಬರ್ನ್). ಅದರೊಳಗೆ ಸಬ್‌ಟೈಟಲ್ ಬರೆಯುವ ಲಿಬ್‌ಆಸ್ ಜೊತೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಇದ್ದರೆ ಅಕ್ಷರ ಸರಿಯಾಗಿ ಕೂರುತ್ತದೆ. ಕೂತಿತು ಕೂಡ.

ಬ್ರಿಟಿಷ್ ನಿರೂಪಕ ಬಿಲ್ ಗ್ರಂಡಿ ಬ್ಯಾಂಡಿನೊಡನೆ ನಡೆಸಿದ ಟಿವಿ ಸಂದರ್ಶನದ ತನಕ ತೊಂದರೆ ಇರಲಿಲ್ಲ. 1976ರ ಡಿಸೆಂಬರ್ 1ರಂದು ಅಲ್ಲಿ ಬಂದ ಬೈಗುಳಕ್ಕೆ ಮರುದಿನ ಡೈಲಿ ಮಿರರ್ ಪತ್ರಿಕೆ ಹಾಕಿದ ತಲೆಬರಹವೇ ಈ ಚಿತ್ರದ ಹೆಸರು. ಬೈಗುಳ ಚಿಕ್ಕವು, ಒಂದೇ ಸಾಲು. ಜುಬಿಲಿಗೆ ಬಂದರೆ ‘ರಾಷ್ಟ್ರಗೀತೆ’! ಷ್ಟ್ರ ಎಂದರೆ ಎರಡಂತಸ್ತಿನ ಒತ್ತು. ಮೇಲಿನ ಸಾಲಿನಲ್ಲಿ ಅದು ಬಂದರೆ ಕೆಳಗಿನ ‘ಕಿ’ಯ ನೆತ್ತಿ ತುಳಿಯುತ್ತದೆ. ಎತ್ತರದ ಫಾಂಟ್ ಹಾಕಿದರೆ ಎರಡು ಸಾಲಿನ ನಡುವೆ ಥೇಮ್ಸ್ ಹರಿಯುತ್ತದೆ. 1977ರ ಜೂನ್ 7ರಂದು ಈ ಬ್ಯಾಂಡಿನವರು ‘ಕ್ವೀನ್ ಎಲಿಜಬೆತ್’ ಹೆಸರಿನ ದೋಣಿಯಲ್ಲಿ ಹಾಡಿ ಪೊಲೀಸರನ್ನು ಕರೆಸಿಕೊಂಡಿದ್ದೂ ಅದೇ ನದಿಯಲ್ಲೇ.

ಎಎಸ್‌ಎಸ್‌ನಲ್ಲಿ ಸಾಲಿನ ಅಂತರ ಹೊಂದಿಸಲು ಟ್ಯಾಗೇ ಇಲ್ಲ. ಅಕ್ಷರದ ಸುತ್ತಲಿನ ಗೆರೆ (ಔಟ್‌ಲೈನ್) ತೆಳು ಮಾಡಿದೆ. ಚಿತ್ರದಲ್ಲಿ ಬರುವ ಬಿಳಿ ಪತ್ರಿಕೆ ತುಣುಕುಗಳ ಮೇಲೆ ಅಕ್ಷರ ಮಾಯ. ಆ ಸಿಟ್ಟಿನಲ್ಲೇ ಮುಂದಿನ ಕೆಲಸ ಗೊತ್ತುಮಾಡಿದೆ: ಕನ್ನಡದಲ್ಲಿ ಒಂದು ಪಂಕ್ ಕೈಪತ್ರಿಕೆ. 1976ರ ಜುಲೈನಲ್ಲಿ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರಿ ಟೈಪ್‌ರೈಟರ್, ಸ್ಕೆಚ್ ಪೆನ್ನು ಹಿಡಿದು ಇಂಥದ್ದೇ ‘ಸ್ನಿಫಿನ್ ಗ್ಲೂ’ ಶುರುಮಾಡಿದ. ಕೈಬರಹದಲ್ಲಿ ಯಾವ ಒತ್ತೂ ಯಾರನ್ನೂ ತುಳಿಯುವುದಿಲ್ಲ. ಜೆರಾಕ್ಸ್ ಅಂಗಡಿ ಇದ್ದರೆ ಸಾಕು. ರಾಟನ್ ಮುಖಕ್ಕೆ ಹಾಳೆ ಹರಿದು ಅಂಟಿಸುವುದನ್ನು ಯೋಚಿಸುತ್ತಿದ್ದೇನೆ. ಇರಲಿ.

ಒತ್ತು ತುಳಿಯುವುದಕ್ಕೆ ಪರಿಹಾರ ಸಿಕ್ಕಿದ್ದು ಸಬ್‌ಟೈಟಲ್ ತಿದ್ದುವ ಏಜಿಸಬ್ ತಂತ್ರಾಂಶದ ಪುಟ್ಟ ಲುವಾ ಸ್ಕ್ರಿಪ್ಟ್‌ನಲ್ಲಿ (ಲುವಾ ಒಂದು ಪ್ರೋಗ್ರಾಮಿಂಗ್ ಭಾಷೆ). ಎರಡು ಸಾಲನ್ನು ಎರಡು ಬಿಡಿ ಸಬ್‌ಟೈಟಲ್ (ಈವೆಂಟ್) ಆಗಿ ಒಡೆಯುತ್ತದೆ. ಸಮಯ ಒಂದೇ, ಪರದೆಯ ಮೇಲಿನ ಜಾಗ (‘ಪೋಸ್’) ಬೇರೆ ಬೇರೆ. ಮೇಲಿನ ಸಾಲಿನಲ್ಲಿ ಎರಡಂತಸ್ತಿನ ಒತ್ತಿದ್ದರೆ ಮಾತ್ರ ಆರು ಪಿಕ್ಸೆಲ್ ಎತ್ತುತ್ತದೆ. ಮೇಲಿನ ಸಾಲಿಗೆ ದೊಡ್ಡ ಲೇಯರ್ (ಪದರ) ಸಂಖ್ಯೆ ಕೊಡಿ, ದೊಡ್ಡದು ಮೇಲೆ ಕೂರುತ್ತದೆ; ಇಲ್ಲದಿದ್ದರೆ ಕೆಳಗಿನದರ ಔಟ್‌ಲೈನ್ ಒತ್ತನ್ನು ನುಂಗುತ್ತದೆ.

ತೀರಿಕೊಂಡ ಬ್ಯಾಂಡ್ ಗೆಳೆಯ ಸಿಡ್ ವಿಷಸ್ ಬಗ್ಗೆ ಮಾತಾಡುತ್ತಾ ರಾಟನ್ ಅಳುವ ಭಾಗ ಇನ್ನೂ ಮಾಡಿಲ್ಲ. ಅಲ್ಲಿ ಒಂದೇ ಸಾಲು ಸಾಕು, ಅದೂ ಸ್ವಲ್ಪ ತಡವಾಗಿ ಬರಲಿ. ಸ್ಕ್ರಿಪ್ಟ್ ಬೇಕಾದವರು ಕೇಳಿ. ಬೇರೆ ಫಾಂಟ್ ಆದರೆ ಆ ಆರು ಪಿಕ್ಸೆಲನ್ನು ನೀವೇ ಬದಲಿಸಿಕೊಳ್ಳಿ.