ಡಾರ್ಜಿಲಿಂಗ್ ಪುಟಾಣಿ ರೈಲು: ಜಾಯ್‌ರೈಡ್ ಒಂದೇ ಸಾಲದು

ಡಾರ್ಜಿಲಿಂಗ್‌ಗೆ ಹೋದವರು ಸಾಮಾನ್ಯವಾಗಿ ಜಾಯ್‌ರೈಡ್ ಹತ್ತಿ ಘೂಮ್ ತನಕ ಹೋಗಿ ವಾಪಸ್ ಬರುತ್ತಾರೆ. ಸುಮಾರು ಎರಡು ಗಂಟೆ, ನಡುವೆ ಹಳಿ ಸುತ್ತು ಹಾಕುವ ಬತಾಸಿಯಾ ಲೂಪ್, ಒಂದಷ್ಟು ಫೋಟೊ. ಹಬೆ ಎಂಜಿನ್ ನೋಡಬೇಕೆಂದರೆ ಅದನ್ನೇ ಹತ್ತಿ. ಎಂಜಿನ್ನಿನ ಮೂತಿಯ ಮೇಲೆ ಕೂತವರು ಹಳಿ ಒದ್ದೆಯಿದ್ದರೆ ಚಕ್ರ ಜಾರದಂತೆ ಕೈಯಾರೆ ಮರಳು ಉದುರಿಸುತ್ತಾ ಹೋಗುತ್ತಾರೆ. ಆದರೆ ಈ ರೈಲಿನ ನಿಜವಾದ ಸೊಗಸು ಇರುವುದು ಕೆಳಗೆ, ಸುಕ್ನಾ ಮತ್ತು ಕರ್ಸಿಯಾಂಗ್ ನಡುವೆ. ಒಂದು ದಿನ ಬಿಡುವಿದ್ದರೆ ಬಯಲಿನಲ್ಲಿ ಈ ರೈಲು ಹೊರಡುವ ನ್ಯೂ ಜಲ್ಪೈಗುರಿಯಲ್ಲೇ ಹತ್ತಿ.

ನಾವು ನವೆಂಬರ್‌ನಲ್ಲಿ ಹೋಗಿದ್ದೆವು. ಸುಕ್ನಾ ದಾಟುತ್ತಿದ್ದಂತೆ ಕಾಡು, ಆಮೇಲೆ ಏರು. ಒಂದು ಕಡೆ ರೈಲು ಬೆಟ್ಟಕ್ಕೆ ಎದುರಾಗಿ ನಿಂತೇಬಿಟ್ಟಿತು. ಹಳಿ ಬದಲಾಯಿತು, ಹಿಂದಕ್ಕೆ ಹೊರಟು ಮೇಲೇರಿತು, ಮತ್ತೆ ನಿಂತು ಮುಂದಕ್ಕೆ ಹೊರಟಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಈಗಷ್ಟೇ ಬಂದ ಹಳಿ ಕೆಳಗಿತ್ತು! ಊಟಿ ರೈಲಿನಂತೆ ಇಲ್ಲಿ ಹಲ್ಲಿನ ಹಳಿ ಇಲ್ಲ. ಎರಡಡಿ ಅಗಲದ ಹಳಿಯ ಮೇಲೆ ಚಕ್ರದ ಹಿಡಿತವೊಂದೇ ಆಸರೆ.

1881ರಲ್ಲಿ ಇದು ಡಾರ್ಜಿಲಿಂಗ್ ತಲುಪಿದಾಗ ಬೆಟ್ಟದ ಮೇಲೆ ಅಕ್ಕಿಯ ಬೆಲೆ ಬಯಲಿಗಿಂತ ಎಷ್ಟೋ ಜಾಸ್ತಿ ಇತ್ತು. ಅಕ್ಕಿ ಮೇಲೆ, ಚಹಾ ಕೆಳಗೆ, ಅದೇ ವ್ಯಾಪಾರ. ಈ ರೈಲಿನ ಯೋಜನೆ ಮುಂದಿಟ್ಟ ಫ್ರಾಂಕ್ಲಿನ್ ಪ್ರೆಸ್ಟೇಜ್ ಬಹುಪಾಲು ಹಳಿಯನ್ನು ಆಗಲೇ ಇದ್ದ ಹಿಲ್ ಕಾರ್ಟ್ ರಸ್ತೆಯ ಪಕ್ಕದಲ್ಲೇ ಹಾಕಿಸಿದ್ದರಿಂದ ಖರ್ಚು ಉಳಿಯಿತು. ಮುಂದೆ ಅದೇ ರಸ್ತೆಗೆ ಲಾರಿ, ಬಸ್ಸು ಬಂದು ಸರಕು, ಜನ ಎರಡನ್ನೂ ಕಿತ್ತುಕೊಂಡವು. ತೀಸ್ತಾ ಕಣಿವೆಯ ಕವಲು ಹಳಿ 1950ರ ಪ್ರವಾಹದಲ್ಲಿ ಕೊಚ್ಚಿಹೋಯಿತು. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೂ ಕಷ್ಟ ತಪ್ಪಲಿಲ್ಲ. 2010ರಲ್ಲಿ ಪಗ್ಲಾಝೋರಾ, 2011ರಲ್ಲಿ ತಿಂಧಾರಿಯಾ ಬಳಿ ಗುಡ್ಡ ಕುಸಿದು, ಪೂರ್ತಿ ದಾರಿಯ ಓಡಾಟ ಮತ್ತೆ ಶುರುವಾಗಲು 2015 ಆಗಬೇಕಾಯಿತು. ಇಂಥ ಹಳಿ ಖಾಲಿ ಬೋಗಿಗಳಿಂದ ಉಳಿಯಲ್ಲ, ಅಲ್ವಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಳೆಗಾಲದಲ್ಲಿ ಹೋಗಬೇಡಿ. ಪೂರ್ತಿ ದಾರಿಯ ರೈಲು ಓಡುತ್ತಿದೆಯೇ ಎಂದು ನೋಡಿಕೊಂಡೇ ಟಿಕೆಟ್ ಮಾಡಿ. ಸೀಟು ಕಡಿಮೆ, ಐಆರ್‌ಸಿಟಿಸಿಯಲ್ಲಿ ಮೊದಲೇ ಕಾದಿರಿಸಿ. 88 ಕಿ.ಮೀ.ಗೆ ಏಳು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಊಟ ಕಟ್ಟಿಕೊಳ್ಳಿ. ಘೂಮ್ 2258 ಮೀಟರ್ ಎತ್ತರದಲ್ಲಿದೆ, ಸ್ವೆಟರ್ ಕೈಗೆ ಸಿಗುವ ಹಾಗಿರಲಿ. ವಾಪಸ್ ಬರುವಾಗ ಇದೇ ರೈಲಲ್ಲಿ ಇಳಿದು ಅದೇ ಸಂಜೆ ಇನ್ನೊಂದು ರೈಲು ಹಿಡಿಯುವ ಲೆಕ್ಕ ಬೇಡ. ಇಳಿಯುವುದಕ್ಕೆ ಶೇರ್ ಜೀಪ್ ಸಾಕು.